ಬೆರಳು ಹಾಕಿ ತಿರುಗಿಸುವ ಫೋನು

ಮನುಷ್ಯನಿಗೆ ಒಂದು ಹವ್ಯಾಸವಿರಬೇಕೆಂದು ದೊಡ್ಡವರು ಹೇಳುತ್ತಾರೆ. ನನ್ನ ಸಹಪಾಠಿಗಳಲ್ಲಿ ಒಬ್ಬನು ಅಂಚೆಚೀಟಿಗಳನ್ನು ಕೂಡಿಡುತ್ತಾನೆ. ಮತ್ತೊಬ್ಬನು ಹಳೆಯ ಕಾಸುಗಳನ್ನು. ಇವೆರಡೂ ಗೌರವಸ್ಥ ಹವ್ಯಾಸಗಳು; ಜೇಬಿನಲ್ಲಿ ಹಿಡಿಯುತ್ತವೆ, ನೋಡಿದವರು ನಗುವುದಿಲ್ಲ. ನನ್ನದು ಅಂಥದಲ್ಲ. ನಾನು ಕೂಡಿಡುವುದು ಬೆರಳು ಹಾಕಿ ತಿರುಗಿಸುವ ಹಳೆಯ ಟೆಲಿಫೋನುಗಳನ್ನು. ಕಲ್ಲಿನಷ್ಟು ಭಾರವಾದ ಈ ಕರಿಯ ಪ್ರಾಣಿಗಳು ಕೈಲಾಂಚದ ನಮ್ಮ ಮನೆಯಲ್ಲಿ, ರೇಷ್ಮೆಹುಳುವಿನ ತಟ್ಟೆಗಳ ಪಕ್ಕದ ಹಲಗೆಯ ಮೇಲೆ ಸಾಲಾಗಿ ಕುಳಿತಿವೆ. ಇರುವುದು ಮೂರು; ಒಂದಕ್ಕೂ ತಂತಿಯಿಲ್ಲ. “ಮೂರು ಫೋನು ಮಡಗವ್ನೆ, ಒಂದಾದರೂ ಮಾತಾಡ್ತದಾ?” ಎಂದು ಅವ್ವ ಬಂದವರಿಗೆಲ್ಲ ಕೇಳುತ್ತಾಳೆ.

ಅವ್ವನ ಪ್ರಶ್ನೆಯಲ್ಲಿ ಸತ್ಯವಿದೆ. ನಮ್ಮ ಮನೆಗೆ ತಂತಿಯ ಫೋನು ಎಂದೂ ಬರಲಿಲ್ಲ. ಫೋನೇ ಇಲ್ಲದ ಕಾಲದಿಂದ ಮೊಬೈಲಿನ ಕಾಲಕ್ಕೆ ಒಂದೇ ನೆಗೆತಕ್ಕೆ ಹಾರಿದವರು ನಾವು. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು, ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಮ್ಮ ವಂಶದಲ್ಲಿ ನಾನೇ ಮೊದಲಿಗನು. ಅಂಥವನು ಇನ್ನೊಬ್ಬರ ಮನೆಯ ಹಳೆಯ ಫೋನುಗಳನ್ನು ಏಕೆ ಹೊತ್ತು ತರಬೇಕು? ತಾತನ ಕಾಲದ ವಸ್ತುಗಳನ್ನು ಕೂಡಿಡಲು ತಾತನಿಗೆ ವಸ್ತುಗಳಿದ್ದಿರಬೇಕಷ್ಟೆ! ನನ್ನ ಉತ್ತರ ಇಷ್ಟೇ: ಇದರ ಹೊಟ್ಟೆಯೊಳಗಿನ ಕೆಲಸವನ್ನು ಕಣ್ಣಿನಿಂದ ಕಾಣಬಹುದು. ಮೊಬೈಲನ್ನು ಬಿಚ್ಚಿದರೆ ನನ್ನಂಥವನಿಗೆ ಏನೂ ಅರ್ಥವಾಗದು. ಇದನ್ನು ಬಿಚ್ಚಿದರೆ ಎಲ್ಲವೂ ಅರ್ಥವಾಗುತ್ತದೆ.

ಚಕ್ರದ ರಂಧ್ರದಲ್ಲಿ ಬೆರಳಿಟ್ಟು ತಡೆಯವರೆಗೆ ತಿರುಗಿಸಿದಾಗ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಬೆರಳು ತೆಗೆದೊಡನೆ ಚಕ್ರ ತಾನಾಗಿ ಹಿಂದಿರುಗುತ್ತದೆ. ಹಾಗೆ ಹಿಂದಿರುಗುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಕಡಿದು ಕಡಿದು ಕೂಡಿಸುತ್ತದೆ. ಒಂದಕ್ಕೆ ಒಂದು ಕಡಿತ, ಎರಡಕ್ಕೆ ಎರಡು, ಸೊನ್ನೆಗೆ ಹತ್ತು. ಸೆಕೆಂಡಿಗೆ ಸುಮಾರು 10 ಕಡಿತಗಳಾಗುವಂತೆ ವೇಗವನ್ನು ಹಿಡಿದಿಡಲು ಒಳಗೊಂದು ಪುಟ್ಟ ನಿಯಂತ್ರಕವಿದೆ. ಈ ಕಡಿತಗಳನ್ನೆಣಿಸಿ ಎಕ್ಸ್‌ಚೇಂಜಿನ ಯಂತ್ರವು ಬೇಕಾದವರಿಗೆ ಸಂಪರ್ಕ ಕೊಡುತ್ತಿತ್ತು.

ಈ ಯಂತ್ರವನ್ನು ಕಂಡುಹಿಡಿದವನು ಇಂಜಿನಿಯರನಲ್ಲ. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೋಜರ್. ಎಕ್ಸ್‌ಚೇಂಜಿನಲ್ಲಿ ಕುಳಿತ ಹೆಂಗಸು ತನಗೆ ಬರಬೇಕಾದ ಕರೆಗಳನ್ನು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂದು ಅವನಿಗೆ ಗುಮಾನಿಯಾಯಿತೆಂಬ ಕಥೆಯಿದೆ. ನಡುವೆ ಮನುಷ್ಯರೇ ಬೇಡವೆಂದು 1891ರಲ್ಲಿ ತನ್ನ ಸ್ವಯಂಚಾಲಿತ ಯಂತ್ರಕ್ಕೆ ಪೇಟೆಂಟು ಪಡೆದನು; 1892ರಲ್ಲಿ ಲಾಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಎಕ್ಸ್‌ಚೇಂಜು ತೆರೆಯಿತು. ಅದೇ ಸ್ಟ್ರೋಜರ್ ಪದ್ಧತಿ ನಮ್ಮ ಬೆಂಗಳೂರಿಗೂ ಬಂತು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಇಂಗ್ಲೆಂಡಿನ ಲಿವರ್‌ಪೂಲಿನ ಕಂಪನಿಯೊಂದರ ನೆರವಿನಿಂದ ಅಲ್ಲಿ ಎಕ್ಸ್‌ಚೇಂಜುಗಳೂ ಫೋನುಗಳೂ ತಯಾರಾದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಹಳೆಯ ಫೋನೊಂದನ್ನು ಕವಿಚಿದಾಗ ಐ.ಟಿ.ಐ. ಎಂಬ ಮುದ್ರೆ ಕಂಡರೆ ನನಗೆ ದೂರದ ನೆಂಟರನ್ನು ಕಂಡಂತಾಗುತ್ತದೆ.

ಇನ್ನು ಕೊಳ್ಳುವ ವಿಷಯ. ಭಾನುವಾರ ರಾಮನಗರದಿಂದ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು ಚಿಕ್ಕಪೇಟೆಯ ಕಡೆಗೆ ನಡೆದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಂಡೆ ಬಜಾರು ಸಿಗುತ್ತದೆ. ಬೀದಿಯ ಮೇಲೆ ಹರಡಿದ ಗೋಣಿಯ ಮೇಲೆ ಮುರಿದ ಗಡಿಯಾರ, ಒಂಟಿ ಚಪ್ಪಲಿ, ಬೀಗವಿಲ್ಲದ ಬೀಗದಕೈ, ಇವುಗಳ ನಡುವೆ ಒಮ್ಮೊಮ್ಮೆ ಫೋನೂ ಇರುತ್ತದೆ. ಅಲ್ಲಿ ಮೊದಲು ಎದುರಾಗುವುದು ಫಳಫಳ ಹೊಳೆಯುವ ಹಿತ್ತಾಳೆಯ ಫೋನು. “ಮಹಾರಾಜರ ಕಾಲದ್ದು ಸಾರ್” ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಚಕ್ರ ತಿರುಗುವುದೇ ಇಲ್ಲ. ರಂಧ್ರಗಳೊಳಗೆ ಒತ್ತುವ ಗುಂಡಿಗಳಿರುತ್ತವೆ! ಅದು ಮೊನ್ನೆ ಹುಟ್ಟಿ ಮುದುಕನ ವೇಷ ಹಾಕಿದ್ದು. ಅಲಂಕಾರಕ್ಕೆ ಆದೀತು, ಸಂಗ್ರಹಕ್ಕಲ್ಲ.

ಅಸಲಿಯನ್ನು ಗುರುತಿಸಲು ನಾನು ಕಲಿತ ಕೆಲವು ಉಪಾಯಗಳಿವೆ. ಮೊದಲು ಕೈಯಲ್ಲಿ ಎತ್ತಿ ನೋಡಬೇಕು. ಒಳಗೆ ಗಂಟೆಯ ಎರಡು ಬಟ್ಟಲು, ಸುರುಳಿ, ಅಯಸ್ಕಾಂತಗಳಿದ್ದರೆ ಭಾರವೇ ಹೇಳುತ್ತದೆ. ಆಮೇಲೆ ಕರಿಯ ಮೈಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿ ಮೂಸಬೇಕು. ಆಸ್ಪತ್ರೆಯ ಫಿನಾಯಿಲಿನಂಥ ವಾಸನೆ ಬಂದರೆ ಅದು ಬೇಕಲೈಟು. 1907ರಲ್ಲಿ ಲಿಯೋ ಬೇಕೆಲೆಂಡನು ಕಂಡುಹಿಡಿದ ವಸ್ತು. ಬರದಿದ್ದರೆ ಈಚಿನ ಪ್ಲಾಸ್ಟಿಕ್ಕು ಇರಬಹುದು. ಬೇಕಲೈಟು ಗಟ್ಟಿ, ಆದರೆ ಬಿದ್ದರೆ ಒಡೆಯುತ್ತದೆ. ಆದುದರಿಂದ ಮೂಲೆಗಳಲ್ಲಿ ಕೂದಲೆಳೆಯ ಬಿರುಕುಂಟೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬಿರುಕು ಮುಚ್ಚಲು ಬಣ್ಣ ಬಳಿದಿರುವುದೂ ಉಂಟು. ಬಟ್ಟೆ ಸುತ್ತಿದ ತಂತಿಯಿದ್ದರೆ ಹಳೆಯದು. ಸುರುಳಿ ಪ್ಲಾಸ್ಟಿಕ್ ತಂತಿಯಾದರೆ ಆಮೇಲೆ ಹಾಕಿದ್ದಿರಬಹುದು. ಕೊನೆಗೆ ಸೊನ್ನೆಯನ್ನು ತಿರುಗಿಸಿ ಬಿಡಬೇಕು. ಚಕ್ರವು ಸುಮಾರು ಒಂದು ಸೆಕೆಂಡಿನಲ್ಲಿ ಎಡವದೆ ಮನೆ ಸೇರಿದರೆ ಆರೋಗ್ಯ ಚೆನ್ನಾಗಿದೆ. ನಡುವೆ ತೂಕಡಿಸಿದರೆ ಒಳಗಿನ ಹಳೆಯ ಎಣ್ಣೆ ಅಂಟಾಗಿದೆಯೆಂದರ್ಥ.

ಚಕ್ರವಿರಬೇಕಾದ ಜಾಗದಲ್ಲಿ ಬರಿಯ ಮುಚ್ಚಳವಿರುವ ಫೋನುಗಳೂ ಸಿಗುತ್ತವೆ. ಅವು ಕೆಟ್ಟವಲ್ಲ. ಆಪರೇಟರು ಕುಳಿತು ಕೈಯಿಂದಲೇ ಸಂಪರ್ಕ ಕೊಡುತ್ತಿದ್ದ ಊರುಗಳಲ್ಲಿ ಚಕ್ರಕ್ಕೇನು ಕೆಲಸ? ಸಣ್ಣ ಊರುಗಳಿಗೆಂದು ಸಿ-ಡಾಟ್ ಸಂಸ್ಥೆ ತಯಾರಿಸಿದ ಸ್ವಯಂಚಾಲಿತ ಎಕ್ಸ್‌ಚೇಂಜು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ನಾಡಿನ ಕಿತ್ತೂರಿನಲ್ಲಿಯೇ.

ನನ್ನ ಮೂರನೆಯ ಫೋನಿನ ವಿಷಯ ಹೇಳಬೇಕು. ಈ ಪ್ರಬಂಧ ಬರೆಯಲು ಅದೇ ಕಾರಣ. ಅದು ಸಿಕ್ಕಿದ್ದು ಬಜಾರಿನಲ್ಲಲ್ಲ, ನಮ್ಮ ಹೋಬಳಿಯಲ್ಲೇ. ಪಕ್ಕದ ಊರಿನ ಒಬ್ಬ ಅಜ್ಜಿಯ ಯಜಮಾನರು ಹಿಂದೆ ರೇಷ್ಮೆ ನೂಲು ಬಿಚ್ಚುವ ಫಿಲೇಚರು ನಡೆಸುತ್ತಿದ್ದರಂತೆ. ಅವರು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತಂದಿದ್ದ ಫೋನು ಅಟ್ಟದ ಮೇಲಿದೆಯೆಂದು ಕೇಳಿ ಸೈಕಲ್ ಹತ್ತಿ ಹೋದೆನು. ಅಜ್ಜಿ ಸೆರಗಿನಿಂದ ಧೂಳು ಒರೆಸಿ ಮುಂದಿಟ್ಟರು. ಕರಿಯ ಬೇಕಲೈಟು, ಬಿರುಕಿಲ್ಲ, ಅಡಿಯಲ್ಲಿ ಐ.ಟಿ.ಐ. ಮುದ್ರೆ, ಕೆಳಗೆ ಎಳೆಯುವ ಸಣ್ಣ ಖಾನೆಯೂ ಇತ್ತು.

“ಗುಜರಿಯೋನು ಇನ್ನೂರು ಕೊಡ್ತೀನಿ ಅಂದವ್ನೆ ಮಗ. ನೀನು ಇನ್ನೂರೈವತ್ತು ಕೊಟ್ಟು ತಗೊಂಡೋಗು” ಎಂದರು.

ನನ್ನ ಜೇಬಿನಲ್ಲಿ ಆರು ನೂರಿತ್ತು. ಅಂಥದೇ ಫೋನನ್ನು ಹಿಂದಿನ ವಾರ ಬೆಂಗಳೂರಿನಲ್ಲಿ ಎರಡು ಸಾವಿರಕ್ಕೆ ಒಂದು ಕಾಸೂ ಕಡಮೆಯಿಲ್ಲದೆ ಮಾರಿದ್ದನ್ನು ಕಂಡಿದ್ದೆನು. ಸಂಗ್ರಹಕಾರರ ನಡುವೆ ಒಂದು ನೀತಿಯಿದೆ: ಮಾರುವವನು ಹೇಳಿದ ಬೆಲೆ ಕಡಮೆಯಾಗಿದ್ದರೆ ಬಾಯಿ ಮುಚ್ಚಿಕೊಂಡು ದುಡ್ಡು ಎಣಿಸು, ಗುರುತಿಸುವ ಜಾಣ್ಮೆಗೆ ಅದೇ ಕೂಲಿ. ದನದ ಜಾತ್ರೆಯ ದಳ್ಳಾಳಿಯೂ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದಿಲ್ಲವೆ?

ಆದರೆ ಈ ಫೋನಿನ ವಿಷಯ ಅಪ್ಪ ನನಗೆ ಮೊದಲೇ ಹೇಳಿದ್ದರು. ಅವರು ಹುಡುಗರಾಗಿದ್ದಾಗ, ಗೂಡಿನ ಮೂಟೆ ಹೊತ್ತು ರಾಮನಗರದ ಮಾರುಕಟ್ಟೆಗೆ ಹೊರಡುವ ಮುನ್ನ ಸುತ್ತಲ ರೈತರು ಈ ಮನೆಯ ಜಗಲಿಯಲ್ಲಿ ನಿಲ್ಲುತ್ತಿದ್ದರಂತೆ. ಒಳಗೆ ಚಕ್ರ ತಿರುಗುವ ಸದ್ದು; ಆಮೇಲೆ ಯಜಮಾನರು ಹೊರಗೆ ಬಂದು ಆ ದಿನದ ಗೂಡಿನ ದರವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರಂತೆ. ಗೂಡು ಕೊಳ್ಳುವವರೂ ಅವರೇ! ದರ ಮುಚ್ಚಿಟ್ಟಿದ್ದರೆ ಜಗಲಿಯ ಮೇಲೆಯೇ ಅಗ್ಗಕ್ಕೆ ಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲವೆಂದು ಅಪ್ಪ ಇಂದಿಗೂ ನೆನೆಯುತ್ತಾರೆ. ದರ ಹೇಳಿದ ಫೋನಿನ ದರವನ್ನು ನಾನು ಮುಚ್ಚಿಡುವುದು ಹೇಗೆ?

“ಅಜ್ಜಿ, ಇದು ಬೆಂಗಳೂರಲ್ಲಿ ಎರಡು ಸಾವಿರ ಬಾಳುತ್ತದೆ. ನನ್ನ ಹತ್ತಿರ ಅಷ್ಟಿಲ್ಲ” ಎಂದೆನು.

ಅಜ್ಜಿ ನನ್ನ ಮುಖವನ್ನೂ ಫೋನನ್ನೂ ಬಹಳ ಹೊತ್ತು ನೋಡಿದರು. “ಅಂಗಾರೆ ನಾನು ಯಾಕೆ ಇನ್ನೂರೈವತ್ತಕ್ಕೆ ಕೊಡ್ಲಿ?” ಎಂದರು. ನ್ಯಾಯವಾದ ಮಾತು. ಫೋನು ಮತ್ತೆ ಅಟ್ಟಕ್ಕೇರಿತು. ನಾನು ಬರಿಗೈಯಲ್ಲಿ ಬಂದೆನು. ಅಪ್ಪನಿಗೆ ಹೇಳಿದಾಗ ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. “ಹಿಪ್ಪುನೇರಳೆ ಸೊಪ್ಪು ಕುಯ್ಯೋದೈತೆ, ಬಾ” ಎಂದರು.

ಎರಡು ವಾರದ ಮೇಲೆ ಅಜ್ಜಿಯೇ ಹೇಳಿಕಳುಹಿಸಿದರು. ಮೊಮ್ಮಗನನ್ನು ವಿಚಾರಿಸಿದರಂತೆ, ನನ್ನ ಮಾತು ನಿಜವೆಂದು ಗೊತ್ತಾಯಿತಂತೆ. “ಸಾವಿರದೈನೂರು ಕೊಡು. ತಿಂಗಳಿಗಿಷ್ಟು ಅಂತ ಕೊಟ್ಟರೂ ಸರಿ” ಎಂದರು. ಆರು ನೂರು ಕೈಗಿಟ್ಟೆನು; ಉಳಿದದ್ದನ್ನು ತಿಂಗಳಿಗೆ ಮುನ್ನೂರರಂತೆ ಮೂರು ತಿಂಗಳಲ್ಲಿ ತೀರಿಸಿದೆನು. ಅದಕ್ಕಾಗಿ ಭಾನುವಾರಗಳಂದು ಮದುವೆ ಛತ್ರವೊಂದರಲ್ಲಿ ಊಟ ಬಡಿಸಿದೆನು. ಖಾನೆಯನ್ನು ಎಳೆದಾಗ ಹಳೆಯ ಕಾರ್ಡೊಂದು ಸಿಕ್ಕಿತು. ಯಜಮಾನರ ಕೈಬರಹದಲ್ಲಿ ಹತ್ತಾರು ಹೆಸರುಗಳು, ನಂಬರುಗಳು. ಕಾರ್ಡು ಇದ್ದರೆ ಫೋನಿಗೆ ಬೆಲೆ ಹೆಚ್ಚು. ಆದರೆ ನಾನು ಕೊಂಡದ್ದು ಫೋನನ್ನು. ಅಕ್ಷರ ಅಜ್ಜಿಯ ಯಜಮಾನರದು. ಕಾರ್ಡನ್ನು ಅಜ್ಜಿಗೆ ಹಿಂದಿರುಗಿಸಿದೆನು. ಅವರಿಗೆ ಓದಲು ಬಾರದು. ಆದರೂ ಪ್ರತಿಯೊಂದು ಸಾಲಿನ ಮೇಲೂ ಬೆರಳಾಡಿಸಿದರು.

ವಿದ್ಯೆ ಕಲಿತವನಿಗೂ ಕಲಿಯದವರಿಗೂ ನಡುವೆ ವ್ಯಾಪಾರ ನಡೆಯುವಾಗ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ನಮ್ಮ ಹಿರಿಯರು ಬಹುಕಾಲ ಮೇಲಕ್ಕೇರಿದ ತಟ್ಟೆಯಲ್ಲಿ ಕುಳಿತಿದ್ದರು. ಈಗ ನಾವು ಮೂರು ವರ್ಷ ಓದಿ ಭಾರದ ತಟ್ಟೆಗೆ ಬಂದಿದ್ದೇವೆ. ನಾಳೆ ನಮ್ಮಲ್ಲಿ ಕೆಲವರು ಕಚೇರಿಯ ಮೇಜಿನ ಹಿಂದೆ, ಕೆಲವರು ಬ್ಯಾಂಕಿನ ಕಿಟಕಿಯ ಹಿಂದೆ ಕುಳಿತಾರು. ಎದುರಿಗೆ ನಮ್ಮ ಅಪ್ಪನಂಥವರೇ ಬಂದು ನಿಂತಾರು. ಆಗ ನಾವು ದರವನ್ನು ಜಗಲಿಗೆ ಬಂದು ಹೇಳುತ್ತೇವೆಯೇ, ಒಳಗೇ ಇಟ್ಟುಕೊಳ್ಳುತ್ತೇವೆಯೇ? ಪದವಿಯ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಆದರೆ ಆಮೇಲೆ ದಿನವೂ ಬರುತ್ತದೆಂದು ನನಗೆ ತೋರುತ್ತದೆ.

ಈ ಲೇಖನವನ್ನು ಓದಿದ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಫೋನು ಮಲಗಿದ್ದರೆ ದಯವಿಟ್ಟು ತಿಳಿಸಬೇಕು. ಬೆಲೆಯನ್ನು ನಾನೇ ಮೊದಲು ಹೇಳುತ್ತೇನೆ. ಕೊಳ್ಳುವ ಶಕ್ತಿ ಮಾತ್ರ ಮುಂದಿನ ಮದುವೆಯ ಮುಹೂರ್ತಗಳನ್ನು ಅವಲಂಬಿಸಿದೆ!