ಸಾರಾ ಮಾರ್ಗನ್ ನಡೆದ ದಾರಿ

ನಮ್ಮ ಮನೆತನದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಅದಕ್ಕೋ ಏನೋ, ಅಮೆರಿಕದ ಕ್ವೇಕರರ ದಾಖಲೆಗಳ ವಿಷಯ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಈ ಕ್ರೈಸ್ತ ಪಂಥದ ಮದುವೆಗೆ ಪಾದ್ರಿ ಬೇಕಿರಲಿಲ್ಲ. ವಧೂವರರು ಸಭೆಯೆದುರು ನಿಂತು ಮಾತು ಕೊಡುತ್ತಿದ್ದರು. ನೆರೆದ ಹೆಂಗಸರೂ ಸಾಕ್ಷಿಗಳಾಗಿ ಸಹಿ ಹಾಕುತ್ತಿದ್ದರು. ಊರು ಬಿಟ್ಟರೆ ಹಳೆಯ ಸಭೆಯಿಂದ ಹೊಸ ಸಭೆಗೆ ಪತ್ರ ಒಯ್ಯಬೇಕು, ನಮ್ಮ ಶಾಲೆಯ ಟಿ.ಸಿ. ಇದ್ದ ಹಾಗೆ! ವಂಶದ ಜಾಡು ಹಿಡಿಯುವವರಿಗೆ ಈ ಕಾಗದಗಳೇ ಆಧಾರ.

ಕೆಂಟಕಿಯ ಕಾಡಿಗೆ ದಾರಿ ಕಡಿದ ಡೇನಿಯಲ್ ಬೂನ್‌ನ ಮನೆಯವರನ್ನೇ ನೋಡಿ. ಅವನ ಅಜ್ಜ ಇಂಗ್ಲೆಂಡಿನ ಡೆವನ್‌ನಿಂದ 1717ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ. ಅಪ್ಪ ಸ್ಕ್ವೈರ್ 1720ರಲ್ಲಿ ಸಾರಾ ಮಾರ್ಗನ್‌ಳನ್ನು ಮದುವೆಯಾದ. 1742ರಲ್ಲಿ ಹಿರಿಮಗಳು ಪಂಥದ ಹೊರಗಿನವನ ಕೈಹಿಡಿದಾಗ ತಂದೆತಾಯಿ ಸಭೆಯ ಮುಂದೆ ಕ್ಷಮೆ ಕೇಳಬೇಕಾಯಿತು. 1747ರಲ್ಲಿ ಮಗ ಇಸ್ರೇಲ್‌ನೂ ಹಾಗೆಯೇ ಮದುವೆಯಾದ. ಈ ಸಲ ಸ್ಕ್ವೈರ್ ತಲೆಬಾಗಲಿಲ್ಲ, ಮಗನ ಪರ ನಿಂತ. ಸಭೆ ಅವನನ್ನು ಹೊರಹಾಕಿತು.

ಸಾರಾ ಮಾತ್ರ ಮಕ್ಕಳನ್ನು ಕರೆದುಕೊಂಡು ಸಭೆಗೆ ಹೋಗುತ್ತಲೇ ಇದ್ದಳು. ಗಂಡನನ್ನು ಹೊರಗಟ್ಟಿದವರ ನಡುವೆ ಪ್ರತಿಸಲವೂ ಹೋಗಿ ಕೂರುವುದೆಂದರೆ ಸಣ್ಣ ಮಾತೇ? ಗಂಡನನ್ನೂ ಬಿಡಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ. 1750ರಲ್ಲಿ ಸಂಸಾರ ಪೆನ್ಸಿಲ್ವೇನಿಯಾ ಬಿಟ್ಟು ಹೊರಟಿತು. ಕೊನೆಗೆ ನಾರ್ತ್ ಕೆರೊಲಿನಾದ ಯಾಡ್ಕಿನ್ ನದಿಯ ಸೀಮೆಯಲ್ಲಿ ನೆಲೆಸಿತು. ಸ್ಕ್ವೈರ್ 1765ರಲ್ಲಿ ತೀರಿಕೊಂಡ. ಸಾರಾ ಅವನಿಲ್ಲದೆ ಇನ್ನೂ ಹನ್ನೆರಡು ವರ್ಷ ಬದುಕಿದಳು.