ಕೂಪರೇಜಿನಲ್ಲಿ ಬೆಂಗಳೂರಿನ ಹುಡುಗರು

ಚರ್ಚ್‌ಗೇಟ್‌ನಲ್ಲಿ ಇಳಿದು ಮಂತ್ರಾಲಯದತ್ತ ಅವಸರದಲ್ಲಿ ನಡೆಯುವ ಓದುಗ ಬಂಧುಗಳೇ, ಒಂದು ಸಂಜೆಯಾದರೂ ಹತ್ತು ನಿಮಿಷ ಬಿಡುವು ಮಾಡಿಕೊಂಡು ಕೂಪರೇಜ್ ಮೈದಾನದ ಮುಂದೆ ನಿಲ್ಲಿ. ಮುಂಬಯಿಯ ಹೆಸರಾಂತ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿಗೆ ತವರಾಗಿದ್ದ ಮೈದಾನವಿದು.

1891ರಲ್ಲಿ ಶುರುವಾದ ಆ ಕಪ್ಪು ದಶಕಗಳ ಕಾಲ ಬ್ರಿಟಿಷ್ ಪಲ್ಟಣಗಳ ಸ್ವಂತ ಸೊತ್ತಿನಂತಿತ್ತು. ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಯಾವುದೆಂದು ಬಲ್ಲಿರಾ? ನಮ್ಮ 'ಬೆಂಗಳೂರು ಮುಸ್ಲಿಮ್ಸ್'! ಫುಟ್‌ಬಾಲು ಹೊಟ್ಟೆಪಾಡಾಗಿರದೆ ಬರೀ ಹುಚ್ಚಾಗಿದ್ದ ಕಾಲ. 1937ರ ಫೈನಲ್‌ನಲ್ಲಿ ಎದುರಾದದ್ದು ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ನಮ್ಮವರು ಒಂದೇ ಗೋಲಿನಿಂದ ಗೆದ್ದರು. ಅದೇನು ಅದೃಷ್ಟದಾಟವೇ? ಅಲ್ಲ. ಮರುವರ್ಷ, 1938ರಲ್ಲಿ, ಕಪ್ಪನ್ನು ಮತ್ತೆ ಬೆಂಗಳೂರಿಗೆ ಒಯ್ದರು. ದೇಶ ಸ್ವತಂತ್ರವಾದ ಮೇಲೆ, 1948ರಲ್ಲಿ, ಮೂರನೆಯ ಸಲ ಎತ್ತಿ ಹಿಡಿದರು.

ಹೊಟ್ಟೆಪಾಡಿಗೆಂದು ಈ ನಗರಕ್ಕೆ ಬಂದ ನಾವು ದಿನವೂ ಇದೇ ದಾರಿ ತುಳಿಯುತ್ತೇವೆ. ನಮಗಿಂತ ಮೊದಲೇ ಬಂದು ಹೆಸರು ಮಾಡಿ ಹೋದವರನ್ನು ಮಾತ್ರ ಮರೆತಿದ್ದೇವೆ. ನಮ್ಮ ಮಕ್ಕಳಿಗೆ ಕ್ರಿಕೆಟ್ಟಿನ ಅಂಕಿಗಳೆಲ್ಲ ಬಾಯಿಪಾಠ. ಮುಂದಿನ ಸಲ ಅತ್ತ ಹೋದಾಗ ಮೈದಾನ ತೋರಿಸಿ, ಈ ಮೂರು ಇಸವಿಗಳನ್ನೂ ಹೇಳಿಕೊಡಿ.