ಬ್ರಹ್ಮಗಿರಿಯ ಲಿಪಿಕಾರನೂ ನಮ್ಮ ಮೊಬೈಲೂ

ಚಳ್ಳಕೆರೆಯ ಬಯಲು ದಾಟಿ ಮೊಳಕಾಲ್ಮೂರಿನ ಕಡೆಗೆ ಸಾಗಿದರೆ ಬಂಡೆಗುಡ್ಡಗಳು ಎದುರಾಗುತ್ತವೆ. ಅಲ್ಲಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವಿದೆ. ಬರೆದವನು ಚಪಡ. ಶಾಸನವು ಬ್ರಾಹ್ಮಿಯಲ್ಲಿದ್ದರೂ ಕೊನೆಯ ಪದವನ್ನು ಆತ ದೂರದ ವಾಯವ್ಯ ನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದನು. ಪರನಾಡಿನಲ್ಲಿ ತನ್ನದೊಂದು ಗುರುತು!

ವಿದೇಶದಲ್ಲಿರುವ ಮಗಳ ಮನೆಗೆ ಹೊರಟಾಗ ನಾವೂ ಊರಿನ ಗುರುತೆಂದು ನಮ್ಮ ಮೊಬೈಲ್ ಸಂಖ್ಯೆಯನ್ನೇ ಒಯ್ದೆವು. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಮಾಡಿಸಿರಲಿಲ್ಲ. ಚಳ್ಳಕೆರೆಯಲ್ಲಿ ತಾಯಿಯವರು ಆಸ್ಪತ್ರೆ ಸೇರಿದ ಸುದ್ದಿ ತಲುಪಿದ್ದು ಮರುದಿನ, ಮಗಳ ಫೋನಿಗೆ. ಹಣ ಕಳುಹಿಸೋಣವೆಂದರೆ ಬ್ಯಾಂಕಿನ ಓಟಿಪಿಯೂ ಬಾರದು. ಶಿವನ ದಯೆಯಿಂದ ಅವರು ಚೇತರಿಸಿಕೊಂಡರು.

ಪ್ರಯಾಣ ಹೊರಡುವ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಊರು ಬಿಡುವ ಮುನ್ನವೇ ರೋಮಿಂಗ್ ಮಾಡಿಸಿ ದರ ವಿಚಾರಿಸಿರಿ. ಡೇಟಾ ರೋಮಿಂಗ್ ನಿಲ್ಲಿಸಿ, ಮಾತಿಗೆ ಮನೆಯ ವೈಫೈ ಬಳಸಿರಿ. ಊರಿನ ಸಂಖ್ಯೆಗಳ ಮುಂದೆ +91 ಸೇರಿಸಿಕೊಳ್ಳಿರಿ. ಇಳಿದುಕೊಳ್ಳುವ ಮನೆಯ ಸಂಖ್ಯೆಯನ್ನು ಹಿರಿಯರಿಗೆ ಬರೆದುಕೊಟ್ಟು ಹೊರಡಿರಿ.

ಪ್ರಯಾಣದ ಮಾತೆತ್ತಿದರೆ ತಾಯಿಯವರು ಈಗಲೂ ಮೊದಲು ಕೇಳುವುದು ಒಂದೇ: “ಅಲ್ಲಿ ನಿನ್ನ ಫೋನು ಸಿಗುತ್ತದೇನಪ್ಪಾ?”